ಗುಡುಗು ಕೇಳಿದ ಮೇಲೆ ನಾಲ್ಕು ಮರ: ತಿಪಟೂರು ಸೀಮೆಯ ತೆಂಗಿನ ತೋಟದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಸಿಡಿಲಿನ ಪೆಟ್ಟು ತಿಂದವರು ಮರದ ಮೇಲಿದ್ದವರಲ್ಲ, ನೆಲದ ಮೇಲೆ ನಿಂತಿದ್ದವರು. ಕೆಲವು ನಿಮಿಷ ಮುಂಚಿನ ತನಕ ಅರವತ್ತು ಅಡಿ ಎತ್ತರದಲ್ಲಿ ಮಚ್ಚು ಹಿಡಿದು ಕೂತಿದ್ದ, ಇನ್ನೂ ಮರದಿಂದ ಇಳಿಯುತ್ತಿದ್ದ ಹುಡುಗನಿಗೆ ಒಂದು ಗೀರೂ ಆಗಲಿಲ್ಲ. ಕೆಳಗೆ ಕಾಯಿ ಆಯುತ್ತಿದ್ದ ಮನುಷ್ಯನ ಎದೆಬಡಿತ ನಿಂತೇ ಹೋಗಿತ್ತು. ಊರಿನಲ್ಲಿ ಇದನ್ನು ಹಣೆಬರಹ ಅಂದುಬಿಟ್ಟರು. ನನಗೆ ಹಾಗೆ ಅನ್ನಿಸಲಿಲ್ಲ. ಆ ಮಧ್ಯಾಹ್ನ ಆದದ್ದನ್ನೆಲ್ಲ ಒಂದೊಂದಾಗಿ ಬಿಡಿಸಿ ನೋಡಿದರೆ ಪ್ರತಿಯೊಂದಕ್ಕೂ ಕಾರಣ ಸಿಗುತ್ತದೆ. ಅದರಲ್ಲಿ ಹೆಚ್ಚಿನವು ನಾವು ಬದಲಾಯಿಸಬಹುದಾದವೇ.

ನಾನು ತಿಪಟೂರು ತಾಲ್ಲೂಕಿನ ತೆಂಗು ಬೆಳೆಗಾರರ ಒಂದು ಸಣ್ಣ ಸಂಘದ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮಾರನೆಯ ದಿನವೇ ತೋಟಕ್ಕೆ ಹೋದೆ. ಅಲ್ಲಿದ್ದವರನ್ನೆಲ್ಲ ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸಿದೆ, ಫೋನ್ ಕರೆಗಳ ಸಮಯ ಬರೆದುಕೊಂಡೆ, ಬೇಲಿ ಉದ್ದಕ್ಕೂ ನಡೆದು ನೋಡಿದೆ. ಹೆಸರುಗಳನ್ನು ಬೇಕೆಂತಲೇ ಬಿಟ್ಟಿದ್ದೇನೆ.

ತೋಟ, ತಂಡ

ತೋಟ ಹಳೆಯದು. ತಿಪಟೂರು ಟಾಲ್ ತಳಿ, ಅಜ್ಜನ ಕಾಲದ ಮರಗಳು. ನಮ್ಮ ಕಡೆ ಕಾಯನ್ನು ಎಳೆಯದರಲ್ಲಿ ಕೀಳುವುದು ಕಡಿಮೆ. ಚೆನ್ನಾಗಿ ಬಲಿತ ಮೇಲೆ ಇಳಿಸಿ, ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತದೆ. ತಿಪಟೂರು ಮಾರುಕಟ್ಟೆಗೆ ಹೆಸರು ಬಂದಿರುವುದೇ ಈ ಕೊಬ್ಬರಿಯಿಂದ. ಈ ಕೊಯ್ಲು ತಪ್ಪಿದರೆ ಬಲಿತ ಕಾಯಿ ತಾನೇ ಉದುರುತ್ತದೆ, ಬಿದ್ದ ಕಾಯಿಗೆ ಕಾವಲು ಬೇಕು, ಕೆಲವು ಒಡೆದೂ ಹೋಗುತ್ತವೆ. ಆದರೆ ಒಂದೆರಡು ದಿನ ತಡವಾದರೆ ಏನೂ ಕೆಡುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಂಡದಲ್ಲಿ ನಾಲ್ಕು ಜನ. ಮೇಸ್ತ್ರಿಗೆ ಐವತ್ತು ದಾಟಿದೆ, ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ಬರಿಗೈಯಲ್ಲಿ ಹತ್ತುವವರು. ಎರಡನೆಯವನು ಇಪ್ಪತ್ತನಾಲ್ಕರ ಹುಡುಗ, ಮಿಷನ್ನಿನಲ್ಲಿ, ಅಂದರೆ ವೈರ್ ರೋಪಿನಿಂದ ಮರಕ್ಕೆ ಬಿಗಿದು ಕಾಲಿಟ್ಟು ಹತ್ತುವ ಕಬ್ಬಿಣದ ಸಾಧನದಲ್ಲಿ ಹತ್ತುತ್ತಾನೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ಅಂತ ತರಬೇತಿ ಶುರು ಮಾಡಿದ ಮೇಲೆ ಈ ಮಿಷನ್ ಹಿಡಿದ ಹುಡುಗರು ನಮ್ಮ ಕಡೆಯೂ ಕಾಣಿಸುತ್ತಿದ್ದಾರೆ. ಉಳಿದಿಬ್ಬರು ಗಂಡ ಹೆಂಡತಿ. ಬಿದ್ದ ಕಾಯಿ ಆಯ್ದು ರಾಶಿ ಹಾಕುವುದು, ಗಾಡಿಗೆ ತುಂಬುವುದು ಅವರ ಕೆಲಸ. ಹುಡುಗ ಅವರನ್ನು ಅಕ್ಕ, ಭಾವ ಅನ್ನುತ್ತಾನೆ. ರಕ್ತಸಂಬಂಧ ಇಲ್ಲ, ಒಂದೇ ಕೇರಿಯವರು.

ಕೂಲಿ ಮರದ ಲೆಕ್ಕ. ಹತ್ತಿದ ಮರಕ್ಕೆ ದುಡ್ಡು, ಹತ್ತದ ಮರಕ್ಕೆ ಇಲ್ಲ. ಅವತ್ತಿಗೆ ಒಪ್ಪಿಕೊಂಡದ್ದು 62 ಮರ.

ಆ ಮಧ್ಯಾಹ್ನ

ಏಪ್ರಿಲ್ ಕೊನೆಯ ವಾರ, ಭರಣಿ ಮಳೆಯ ಕಾಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ನಮ್ಮವರು ಕಾಯುವ ಮಳೆ ಇದು. ಆದರೆ ಮುಂಗಾರಿಗೆ ಮೊದಲು ಬರುವ ಈ ಮಳೆಯೇ ಗುಡುಗು ಸಿಡಿಲು ಜಾಸ್ತಿ ಹೊತ್ತು ತರುವುದು. ಬೆಳಗಿನಿಂದ ನೆಲ ಕಾಯುತ್ತದೆ, ಬಿಸಿಗಾಳಿ ಮೇಲೇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೋಡ ಗೋಪುರದ ಹಾಗೆ ಎದ್ದು ನಿಲ್ಲುತ್ತದೆ. ಮೂರರಿಂದ ರಾತ್ರಿಯವರೆಗೆ ಅದರ ಆಟ. ಹೀಗಾಗಿ ಈ ತಿಂಗಳುಗಳಲ್ಲಿ ಬೆಳಗ್ಗೆ ಮರ ಹತ್ತುವುದಕ್ಕೂ ಮಧ್ಯಾಹ್ನ ಮೂರರ ಮೇಲೆ ಹತ್ತುವುದಕ್ಕೂ ಅಜಗಜಾಂತರ.

ಎರಡೂವರೆಗೆ ಟಾಟಾ ಏಸ್ ಗಾಡಿ ಒಂದು ಲೋಡ್ ತುಂಬಿಕೊಂಡು ಯಜಮಾನರ ಮನೆಗೆ ಹೊರಟಿತು, ನಾಲ್ಕಕ್ಕೆ ವಾಪಸ್ ಬರುವ ಮಾತಾಗಿತ್ತು. ಆ ತೋಟದಲ್ಲಿ ಸಿಡಿಲಿನಿಂದ ನಿಜವಾಗಿ ರಕ್ಷಣೆ ಕೊಡಬಲ್ಲ ಒಂದೇ ಒಂದು ಜಾಗ ಅಂದರೆ ಆ ಗಾಡಿಯ ಮುಂದಿನ ಕ್ಯಾಬಿನ್. ತಗಡಿನ ಮೈ, ಗಾಜು ಏರಿಸಿ ಕೂತರೆ ಸಿಡಿಲು ಹೊರಮೈ ಮೇಲೆ ಹರಿದು ನೆಲಕ್ಕೆ ಇಳಿಯುತ್ತದೆ. ಕ್ಯಾಬಿನ್ನಿನಲ್ಲಿ ನಾಲ್ಕು ಜನ ಇಕ್ಕಟ್ಟಾದರೂ ಜೀವ ಉಳಿಯುತ್ತಿತ್ತು. ಗಾಡಿ ಹೋದಾಗ ಯಾರಿಗೂ ಅದು ಹೊಳೆಯಲಿಲ್ಲ, ಹೊಳೆಯುವ ಮಾತೂ ಅಲ್ಲ. ಅದು ಕಾಯಿ ಸಾಗಿಸೋ ಗಾಡಿ ಅಷ್ಟೇ ಅಲ್ವಾ.

ಮೊದಲ ಗುಡುಗು ಕೇಳಿದ್ದು ಹೆಂಡತಿಗೆ. ‘ಮೂರು ಗಂಟೆ ಬಸ್ಸು ಹೋಗಿ ಸ್ವಲ್ಪ ಹೊತ್ತಾಗಿತ್ತು, ದೂರದಾಗೆ ಗುಡುಗುಡು ಅಂತು’ ಅಂದರು. ತೋಟದ ಮೇಲೆ ಆಗ ಚುರುಗುಟ್ಟುವ ಬಿಸಿಲು. ಆಕೆ ಮೇಲೆ ನೋಡಿ ಕೂಗಿದರು: ‘ತಮ್ಮಾ, ಗುಡುಗ್ತಾ ಐತೆ, ಇಳಿಯಪ್ಪ.’ ಹುಡುಗನಿಗೆ ಕೇಳಿಸಲೇ ಇಲ್ಲ.

ಯಾಕೆ ಕೇಳಿಸಲಿಲ್ಲ ಅನ್ನುವುದನ್ನು ನಾನು ಸ್ವಲ್ಪ ಕೆದಕಿ ಕೇಳಿದೆ. ಮರದ ತುದಿಯಲ್ಲಿ ತಲೆ ಗರಿಗಳ ನಡುವೆ ಇರುತ್ತದೆ. ಚೂರು ಗಾಳಿಯಾದರೂ ಗರಿ ಪಟಪಟ ಅನ್ನುತ್ತದೆ, ಕೈಯಲ್ಲಿ ಮಚ್ಚಿನ ಸದ್ದು, ಕಾಯಿ ನೆಲಕ್ಕೆ ಬೀಳುವ ದೊಪ್ಪನೆಯ ಸದ್ದು. ಕಣ್ಣು ಗೊನೆಯ ಬುಡದ ಮೇಲೆ, ಕಾಲಿನ ಗಮನ ಮಿಷನ್ನಿನ ಮೇಲೆ. ಎತ್ತರದಲ್ಲಿ ಇರುವವನಿಗೆ ಎಲ್ಲ ಕಾಣಿಸುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ತೆಂಗಿನ ಮರದ ಮೇಲೆ ಅದು ಸುಳ್ಳು. ಆಕಾಶ ನೋಡಲು ಬಿಡುವಿಲ್ಲದವನು ಇಡೀ ತೋಟದಲ್ಲಿ ಅವನೊಬ್ಬನೇ.

ಮೇಸ್ತ್ರಿಗೆ ಕೇಳಿಸಿತ್ತು. ‘ಅದು ಹೊನ್ನವಳ್ಳಿ ಕಡೆ ಐತೆ, ಇತ್ಲಾಗೆ ಬರಲ್ಲ ಬಿಡು’ ಅಂದರಂತೆ. ಅನುಭವಸ್ಥರು, ಮೋಡದ ನಡೆ ಬಲ್ಲವರು. ಮಳೆ ಇತ್ತ ಬರುತ್ತೋ ಇಲ್ಲವೋ ಅನ್ನುವ ಲೆಕ್ಕದಲ್ಲಿ ಅವರ ಮಾತು ಸರಿಯಿರಬಹುದು. ಆದರೆ ಸಿಡಿಲಿಗೆ ಬೇರೆ ಲೆಕ್ಕ. ಮಳೆ ಸುರಿಯುವ ಜಾಗದಿಂದ ಹತ್ತು ಕಿಲೋಮೀಟರ್ ಆಚೆಗೂ ಅದು ಬೀಳಬಲ್ಲದು, ನೆತ್ತಿಯ ಮೇಲೆ ಬಿಸಿಲಿದ್ದರೂ ಬೀಳಬಲ್ಲದು. ಗುಡುಗು ಸಾಮಾನ್ಯವಾಗಿ ಹದಿನೈದು ಕಿಲೋಮೀಟರಿನ ಆಚೆಯಿಂದ ಕೇಳಿಸುವುದಿಲ್ಲ. ಹಾಗಾಗಿ ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ಮುಟ್ಟುವ ದೂರಕ್ಕೆ ಬಂದಾಗಿದೆ ಅಂತಲೇ ತಿಳಿಯಬೇಕು. ಮಿಂಚು ಕಂಡ ಮೇಲೆ ಗುಡುಗಿನ ತನಕ ಎಣಿಸಿದರೆ ದೂರವೂ ಗೊತ್ತಾಗುತ್ತದೆ: ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಹತ್ತು ಕಿಲೋಮೀಟರ್ ಒಳಗಿದೆ.

3:12ಕ್ಕೆ ಮೇಸ್ತ್ರಿ ಯಜಮಾನರಿಗೆ ಫೋನ್ ಮಾಡಿದರು. ಎರಡು ನಿಮಿಷದ ಮಾತು. ಮೋಡ ಎದ್ದಿದೆ, 14 ಮರ ಉಳಿದಿದೆ ಅಂದರು. ‘ಇವತ್ತೇ ಮುಗಿಸಿಬಿಡಿ ಮೇಸ್ತ್ರಿ, ಹೋದ್ರೆ ನೀವು ಮತ್ತೆ ಕೈಗೆ ಸಿಗಲ್ಲ’ ಅನ್ನುವ ಉತ್ತರ ಬಂತು. ಯಜಮಾನರು ಕೆಟ್ಟವರಲ್ಲ. ಮರ ಹತ್ತುವವರು ಸಿಗುವುದು ಈಗ ಎಷ್ಟು ಕಷ್ಟ ಅಂತ ತೋಟ ಇರುವವರಿಗೆಲ್ಲ ಗೊತ್ತು. ಒಂದು ಸಲ ತಪ್ಪಿಸಿಕೊಂಡ ತಂಡ ವಾರಗಟ್ಟಲೆ ವಾಪಸ್ ಬರುವುದಿಲ್ಲ. ಅವರ ಮಾತಿನಲ್ಲಿ ಸಿಡಿಲಿನ ವಿಚಾರವೇ ಇರಲಿಲ್ಲ, ಇದ್ದದ್ದು ಆ ಹೆದರಿಕೆ.

ಆಮೇಲಿನ ಅರ್ಧ ಗಂಟೆಯಲ್ಲಿ ಹುಡುಗ ಇನ್ನೂ ನಾಲ್ಕು ಮರ ಹತ್ತಿದ. ನಾಲ್ಕನೆಯದರ ಮೇಲಿದ್ದಾಗ ತಣ್ಣನೆ ಗಾಳಿ ಬೀಸಿತು. ಮೋಡ ಹತ್ತಿರ ಬಂದಾಗ ಮಳೆಗೆ ಮುಂಚೆ ನುಗ್ಗುವ ಗಾಳಿ ಅದು. ಮರ ತೂಗತೊಡಗಿತು. ಎರಡು ಗೊನೆ ಬಾಕಿ ಇತ್ತು, ಕಡಿದೇ ಇಳಿಯೋಣ ಅಂದುಕೊಂಡ. ಅಷ್ಟರಲ್ಲಿ ಗರಿಗಳ ಒಳಗಿನಿಂದ ಝುಂಯ್ ಅಂತ ಸದ್ದು ಬಂತು, ಕೈಮೇಲಿನ ಕೂದಲು ನೆಟ್ಟಗಾಯಿತು. ಕಣಜದ ಗೂಡು ಕೆಣಕಿಬಿಟ್ಟೆ ಅಂತ ಅವನಿಗೆ ಜೀವವೇ ಹಾರಿತು. ಗೊನೆ ಬಿಟ್ಟು ಇಳಿಯತೊಡಗಿದ.

ಮರಕ್ಕೆ ಮತ್ತೆ ಯಾರೂ ಹತ್ತದಿದ್ದರೂ ಕೆಳಗಿನಿಂದ ಚೆನ್ನಾಗಿ ನೋಡಿದೆವು, ಗೂಡು ಕಾಣಲಿಲ್ಲ. ಅವನು ಕೇಳಿದ್ದು ಕಣಜದ ಸದ್ದಲ್ಲ. ಮೋಡ ನೆತ್ತಿಗೆ ಬಂದಾಗ ನೆಲದ ಮೇಲಿನ ಎತ್ತರದ ಚೂಪು ತುದಿಗಳಿಂದ ವಿದ್ಯುತ್ತು ಸಣ್ಣಗೆ ಗಾಳಿಗೆ ಸೋರುತ್ತದೆ. ಗರಿಯ ತುದಿ, ದೇವಸ್ಥಾನದ ಕಳಸ, ಹಡಗಿನ ಕಂಬ ಎಲ್ಲಕ್ಕೂ ಇದು ಉಂಟು. ಕತ್ತಲಿದ್ದರೆ ನೀಲಿ ಬೆಳಕಾಗಿಯೂ ಕಾಣುತ್ತದೆ. ಹಾಯಿ ಹಡಗಿನ ಕಾಲದ ನಾವಿಕರು ಕಂಬದ ತುದಿಯಲ್ಲಿ ಇದನ್ನು ಕಂಡು ಸಂತ ಎಲ್ಮೋನ ಬೆಂಕಿ ಅಂತ ಕರೆದರು, ಸಂತ ಕಾಯುತ್ತಾನೆ ಅಂತ ನಂಬಿದರು. ನಮ್ಮ ಹುಡುಗ ಕಣಜ ಅಂತ ನಂಬಿದ. ಎರಡರಲ್ಲಿ ಅವನ ನಂಬಿಕೆಯೇ ಉಪಯೋಗಕ್ಕೆ ಬಂದದ್ದು, ಯಾಕಂದರೆ ಅದು ಅವನನ್ನು ಕೆಳಗಿಳಿಸಿತು. ಮೈಕೂದಲು ನಿಲ್ಲುವುದು, ಹತ್ತಿರದ ಚೂಪು ತುದಿಗಳು ಝೇಂಕರಿಸುವುದು ಸಿಡಿಲು ಯಾವ ಗಳಿಗೆಯಲ್ಲಾದರೂ ಬೀಳಬಹುದು ಅನ್ನುವುದರ ಗುರುತು. ಇದನ್ನು ಮರ ಹತ್ತುವ ಪ್ರತಿಯೊಬ್ಬರೂ ತಿಳಿದಿರಬೇಕು.

ಮಿಷನ್ನಿನಲ್ಲಿ ಇಳಿಯುವುದು ಹಾರಿ ಇಳಿದಂತಲ್ಲ. ಎಡಗಡೆಯ ವೈರ್ ರೋಪಿನ ಬಿಗಿ ಸಡಿಲಿಸಿ ಒಂದು ಹೆಜ್ಜೆ ಇಳಿಸಬೇಕು, ಅದರ ಮೇಲೆ ಭಾರ ಹಾಕಿ ಬಲಗಡೆಯದನ್ನು ಇಳಿಸಬೇಕು. ಗಾಬರಿಯಲ್ಲಿ ಎರಡೂ ಸಡಿಲವಾದರೆ ಮನುಷ್ಯ ಮಿಷನ್ ಸಮೇತ ಜಾರುತ್ತಾನೆ. ನಿಧಾನವೇ ಅದರ ಸುರಕ್ಷತೆ. ಅಂದರೆ ಇಳಿಯುವ ತೀರ್ಮಾನ ಆದಮೇಲೂ ಕೆಲವು ನಿಮಿಷ ಮನುಷ್ಯ ಮರದ ಮೇಲೇ ಇರುತ್ತಾನೆ. ಮಳೆಹನಿ ಬಿದ್ದಾಗ ಇಳಿದರಾಯ್ತು ಅನ್ನುವವರು ಈ ನಿಮಿಷಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ತಂತಿ

ಹನಿ ಶುರುವಾದ ಕೂಡಲೇ ಗಂಡ ಹೆಂಡತಿ ಪಕ್ಕದ ತೋಟದ ಪಂಪ್‌ಸೆಟ್ ಮನೆಯ ಕಡೆ ಓಡಿದರು. ನಡುವೆ ಮುಳ್ಳುತಂತಿಯ ಬೇಲಿ. ಗಂಡ ಮೇಲಿನ ತಂತಿಯನ್ನು ಕೈಯಲ್ಲಿ ಎತ್ತಿ ಹಿಡಿದರು, ಹೆಂಡತಿ ಬಗ್ಗಿ ದಾಟಿದರು. ಆಕೆ ಮೂರ್ನಾಲ್ಕು ಹೆಜ್ಜೆ ಆಚೆ ಹೋಗಿದ್ದರು, ಅವರು ಇನ್ನೂ ತಂತಿ ಬಿಟ್ಟಿರಲಿಲ್ಲ.

ಸಿಡಿಲು ಬಿದ್ದದ್ದು ಅವರ ಮೇಲಲ್ಲ. ಅಲ್ಲಿಂದ ಸುಮಾರು ನಲವತ್ತು ಮೀಟರ್ ದೂರದ ಅಂಚಿನ ತೆಂಗಿನ ಮರಕ್ಕೆ. ಬೇಲಿಗೆ ಕಲ್ಲು ಕಂಬ ನೆಡುವ ಖರ್ಚು ಉಳಿಸಲು ಅಂಚಿನ ಮರಗಳಿಗೇ ಮೊಳೆ ಹೊಡೆದು ತಂತಿ ಎಳೆಯುವುದು ನಮ್ಮ ಕಡೆ ಮಾಮೂಲಿ. ಈ ಮರಕ್ಕೂ ಮೂರು ಸಾಲು ತಂತಿ ಹೊಡೆದಿತ್ತು. ಮರದ ಹಸಿ ಕಾಂಡಕ್ಕಿಂತ ಕಬ್ಬಿಣದ ತಂತಿ ಸಲೀಸು ದಾರಿ. ಕಾಂಡದಲ್ಲಿ ಇಳಿದ ಸಿಡಿಲಿನ ಒಂದು ಪಾಲು ತಂತಿ ಹಿಡಿದು ಬೇಲಿ ಉದ್ದಕ್ಕೂ ಓಡಿತು, ಅವರ ಅಂಗೈ ಮೂಲಕ ಕಾಲಿಗೆ ಇಳಿಯಿತು. ಮರದ ಮೇಲೆ ಮೊಳೆಯ ಸುತ್ತ ಸಿಪ್ಪೆ ಸಿಡಿದು ಹೋಗಿದ್ದನ್ನು ನಾನೇ ನೋಡಿದೆ.

ಹೆಂಡತಿ ತಂತಿ ಮುಟ್ಟಿರಲಿಲ್ಲ. ಆದರೂ ಕಾಲು ಎರಡೂ ಸತ್ತ ಹಾಗಾಗಿ ಕುಸಿದರು. ಇದು ನೆಲದೊಳಗೆ ಹರಡುವ ವಿದ್ಯುತ್ತಿನ ಕೆಲಸ. ಸಿಡಿಲು ಬಿದ್ದ ಜಾಗದಿಂದ ದೂರ ಹೋದಂತೆ ನೆಲದ ವೋಲ್ಟೇಜು ಇಳಿಯುತ್ತ ಹೋಗುತ್ತದೆ. ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇದ್ದಾಗ ಎರಡರ ನಡುವೆ ವ್ಯತ್ಯಾಸ ಹುಟ್ಟಿ ಮೈಯೊಳಗೆ ಹರಿಯುತ್ತದೆ. ದನಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ಅದಕ್ಕೇ ಒಂದೇ ಸಿಡಿಲಿಗೆ ಮರದಡಿಯ ನಾಲ್ಕೈದು ದನ ಒಟ್ಟಿಗೆ ಸಾಯುವುದು. ಸಿಡಿಲಿಗೆ ಸಿಕ್ಕವರಲ್ಲಿ ನೇರ ತಲೆಗೆ ಹೊಡೆಸಿಕೊಂಡವರು ಬಹಳ ಕಡಿಮೆ. ನೆಲದಿಂದ ಪೆಟ್ಟು ತಿಂದವರೇ ಹೆಚ್ಚು.

ಹುಡುಗ ಆಗ ನೆಲದಿಂದ ಆಳೆತ್ತರ ಮೇಲಿದ್ದ. ಅವನ ಮರಕ್ಕೆ ತಂತಿ ಇರಲಿಲ್ಲ.

ಊರಲ್ಲಿ ಆಮೇಲೆ ಒಂದು ಮಾತು ಹುಟ್ಟಿತು: ಕಬ್ಬಿಣದ ಮಿಷನ್ನೇ ಸಿಡಿಲನ್ನು ಕರೆಯಿತು ಅಂತ. ಮೇಸ್ತ್ರಿ ಕೂಡ ಹಾಗೇ ಹೇಳುತ್ತಿದ್ದರು. ಇದು ಸರಿಯಲ್ಲ. ಸಿಡಿಲಿಗೆ ಬೇಕಾಗಿರುವುದು ಎತ್ತರ ಮತ್ತು ಒಂಟಿತನ, ಕಬ್ಬಿಣವಲ್ಲ. ಅರವತ್ತು ಅಡಿ ಮರದ ಮೇಲೆ ಬರಿಗೈಯಲ್ಲಿ ಹತ್ತಿದವನಿಗೂ ಮಿಷನ್ನಿನಲ್ಲಿ ಹತ್ತಿದವನಿಗೂ ಅಪಾಯ ಒಂದೇ. ಮೊಬೈಲ್ ಫೋನಿನ ವಿಚಾರವೂ ಅಷ್ಟೇ, ಜೇಬಿನ ಫೋನು ಸಿಡಿಲನ್ನು ಕರೆಯುವುದಿಲ್ಲ. ಗುಡುಗಿದಾಗ ಕತ್ತಿಯನ್ನು ಅಂಗಳಕ್ಕೆ ಎಸೆಯುವುದು, ಅರ್ಜುನ ಅರ್ಜುನ ಅನ್ನುವುದು ನಮ್ಮ ಮನೆಯಲ್ಲೂ ಇತ್ತು. ಅದರಿಂದ ಮನಸ್ಸಿಗೆ ಧೈರ್ಯ ಬರುತ್ತೆ, ಬರಲಿ. ಆದರೆ ಮಿಷನ್ ಮೇಲೆ ಅಪವಾದ ಹೊರಿಸಿ ಹುಡುಗರ ಕೈಯಿಂದ ಅದನ್ನು ಕಿತ್ತುಕೊಂಡರೆ ಬೀಳುವ ಅಪಾಯ ಹೆಚ್ಚುತ್ತದೆ, ಸಿಡಿಲಿನ ಅಪಾಯ ಹಾಗೇ ಉಳಿಯುತ್ತದೆ. ಉದ್ದನೆಯ ಬೇಲಿ ತಂತಿಯ ವಿಷಯ ಬೇರೆ. ಅದು ಸಿಡಿಲನ್ನು ಕರೆಯುವುದಿಲ್ಲ, ಬಿದ್ದದ್ದನ್ನು ಹೊತ್ತು ತರುತ್ತದೆ.

ಆಮೇಲಿನ ನಿಮಿಷಗಳು

3:43ಕ್ಕೆ ಮೇಸ್ತ್ರಿ 108ಕ್ಕೆ ಫೋನ್ ಮಾಡಿದ್ದು ದಾಖಲಾಗಿದೆ. ಸಿಡಿಲು ಬಿದ್ದು ಒಂದೆರಡು ನಿಮಿಷ ಆಗಿರಬಹುದು.

ಗಂಡ ಬೇಲಿಯ ಪಕ್ಕ ಅಂಗಾತ ಬಿದ್ದಿದ್ದರು. ಮಾತಿಲ್ಲ, ಉಸಿರಿಲ್ಲ. ಹೆಂಡತಿ ಆಚೆ ಕೂತು ಚೀರುತ್ತಿದ್ದರು. ಮೇಸ್ತ್ರಿ ಆಕೆಯ ಕಡೆ ಓಡಿದರು, ಯಾರೇ ಆದರೂ ಅಳುವವರ ಕಡೆಯೇ ಓಡುತ್ತಾರೆ. ಹುಡುಗ ಭಾವನ ಕಡೆ ಓಡಿದ. ‘ಮುಟ್ಟಬ್ಯಾಡ ಕಣ್ಲಾ, ಕರೆಂಟ್ ಇರ್ತೈತೆ’ ಅಂತ ಮೇಸ್ತ್ರಿ ಕೂಗಿದರು.

ಸಿಡಿಲು ಹೊಡೆದ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ವಿದ್ಯುತ್ ತಂತಿಗೆ ಅಂಟಿಕೊಂಡವರ ಕಥೆಯೇ ಬೇರೆ, ಅಲ್ಲಿ ಲೈನ್ ಆಫ್ ಮಾಡದೆ ಮುಟ್ಟಬಾರದು. ಆ ಎಚ್ಚರಿಕೆ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ ಸಿಡಿಲಿಗೂ ಅದನ್ನೇ ಹಚ್ಚುತ್ತೇವೆ. ಈ ಒಂದು ತಪ್ಪು ತಿಳಿವಳಿಕೆಯಿಂದ ಜೀವ ಹೋಗುತ್ತದೆ. ಸಿಡಿಲು ಕ್ಷಣದಲ್ಲಿ ಬಂದು ಕ್ಷಣದಲ್ಲೇ ಹೋಗಿರುತ್ತದೆ, ಕೂಡಲೇ ಮುಟ್ಟಬಹುದು, ಮುಟ್ಟಲೇಬೇಕು.

ಹುಡುಗ ಕಾಲೇಜಿನ ಎನ್‌ಎಸ್‌ಎಸ್ ಶಿಬಿರದಲ್ಲಿ ಎದೆ ಒತ್ತುವುದನ್ನು ಕಲಿತಿದ್ದ. ಒಂದು ಗೊಂಬೆಯ ಮೇಲೆ, ಒಂದೇ ಒಂದು ಸಲ. ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಎರಡು ಇಂಚು ಇಳಿಯುವಷ್ಟು ಜೋರಾಗಿ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಬೇಕು. ಮೂವತ್ತು ಸಲ ಒತ್ತಿದ ಮೇಲೆ ಮೂಗು ಮುಚ್ಚಿ ಬಾಯಿಂದ ಎರಡು ಉಸಿರು. ಅವನು ಅದನ್ನೇ ಮಾಡಿದ. ಮೇಲೆ ಗುಡುಗುತ್ತಲೇ ಇತ್ತು, ಮಳೆ ಹೊಡೆಯುತ್ತಿತ್ತು. ಮೊದಲು ಬೇಲಿಯಿಂದ ಈಚೆ ಎಳೆದುಕೊಂಡ ಅನ್ನುವುದು ಅವನ ಬುದ್ಧಿವಂತಿಕೆ.

ಸಿಡಿಲಿನ ಪೆಟ್ಟಿನಲ್ಲಿ ಹೃದಯ ಒಮ್ಮೆಲೇ ನಿಲ್ಲುತ್ತದೆ, ಎಷ್ಟೋ ಸಲ ತಾನಾಗಿಯೇ ಮತ್ತೆ ಶುರುವಾಗುತ್ತದೆ. ಆದರೆ ಉಸಿರಾಟವನ್ನು ನಡೆಸುವ ಮೆದುಳಿನ ಭಾಗ ಅಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ. ಉಸಿರಿಲ್ಲದೆ ಹೃದಯ ಎರಡನೇ ಸಲ ನಿಲ್ಲುತ್ತದೆ, ಆಗ ಹಿಂದಕ್ಕೆ ತರುವುದು ತೀರಾ ಕಷ್ಟ. ಸಿಡಿಲಿಗೆ ಸಿಕ್ಕವರಲ್ಲಿ ಬಾಯಿಂದ ಉಸಿರು ಕೊಡುವುದಕ್ಕೆ ಇಷ್ಟೊಂದು ಬೆಲೆ ಇರುವುದು ಈ ಕಾರಣಕ್ಕೆ. ಹಲವರು ಬಿದ್ದಿದ್ದರೆ ಸತ್ತಂತೆ ಕಾಣುವವರನ್ನೇ ಮೊದಲು ನೋಡಬೇಕು ಅನ್ನುವುದೂ ಇದರಿಂದಲೇ. ಚೀರುತ್ತಿರುವವರು ಉಸಿರಾಡುತ್ತಿದ್ದಾರೆ ಅಂತ ಅರ್ಥ, ಅವರು ಸಾಮಾನ್ಯವಾಗಿ ಉಳಿಯುತ್ತಾರೆ. ಸುಮ್ನೆ ಬಿದ್ದಿರುವವರ ಹತ್ತಿರ ಸಮಯ ಇಲ್ಲ.

ಎಷ್ಟು ಹೊತ್ತು ಒತ್ತಿದ ಅಂತ ಅಲ್ಲಿದ್ದ ಯಾರಿಗೂ ಹೇಳಲು ಆಗಲಿಲ್ಲ. ಗಂಟಲಲ್ಲಿ ಗೊರಗೊರ ಸದ್ದು ಬಂತು, ಆಮೇಲೆ ಉಸಿರು ಬಂತು. ಆಂಬುಲೆನ್ಸ್ ಬಂದಾಗ ನಾಲ್ಕು ದಾಟಿತ್ತು. ಕಾಯಿ ಗಾಡಿಯೂ ಆಗಲೇ ಬಂತು.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ಇಟ್ಟುಕೊಂಡರು. ಅಂಗೈ ಸುಟ್ಟಿತ್ತು, ಒಂದು ಕಿವಿಯ ತಮಟೆ ಹರಿದಿತ್ತು. ಭುಜದ ಮೇಲೆ ಜರಿಗಿಡದ ಎಲೆಯ ಹಾಗೆ ಕೆಂಪು ಗುರುತು ಮೂಡಿತ್ತು. ಹೆಂಡತಿ ಅದನ್ನು ನೋಡಿ ದೇವರ ಗುರುತು ಅಂದುಕೊಂಡರು. ಇಂಥ ಗುರುತು ಸಿಡಿಲಿನ ಪೆಟ್ಟಿನಲ್ಲಿ ಕಾಣಿಸಿಕೊಳ್ಳುವಂಥದ್ದೇ, ಒಂದೆರಡು ದಿನದಲ್ಲಿ ಮಾಯವಾಗುತ್ತದೆ. ಮಾಯವಾಯಿತು. ಆಕೆಯ ಕಾಲಿನ ಸ್ಪರ್ಶ ಅದೇ ರಾತ್ರಿ ಮರಳಿತು.

ಯಾಕೆ ಇಳಿಯಲಿಲ್ಲ

ಇಲ್ಲಿ ನಾನು ಸ್ವಲ್ಪ ದೂರ ಹೋಗುತ್ತೇನೆ. ಹಾಯಿ ಹಡಗುಗಳ ಕಾಲದಲ್ಲಿ ಬಿರುಗಾಳಿ ಎದ್ದಾಗಲೇ ನಾವಿಕರು ಹಾಯಿಕಂಬ ಹತ್ತಬೇಕಿತ್ತು. ಗಾಳಿ ಜೋರಾದರೆ ಹಾಯಿ ಮಡಚಿ ಕಟ್ಟಬೇಕು. ಇಲ್ಲದಿದ್ದರೆ ಕಂಬ ಮುರಿಯುತ್ತದೆ, ಹಡಗೇ ಮಗುಚಬಹುದು. ಸುತ್ತ ಬಯಲು ಸಮುದ್ರ, ಅದರಲ್ಲಿ ಎತ್ತರದ ವಸ್ತು ಅಂದರೆ ಆ ಕಂಬವೊಂದೇ. ಸಿಡಿಲಿಗೆ ಸಿಕ್ಕಿ ನಾವಿಕರು ಸತ್ತರು, ಕಂಬಗಳು ಸೀಳಿಹೋದವು.

ಆಗ ಕೆಲವು ಹಡಗುಗಳಲ್ಲಿ ಸಿಡಿಲು ತಡೆಯುವ ಸರಪಳಿ ಇರುತ್ತಿತ್ತು. ಮೋಡ ಕಂಡಾಗ ಪೆಟ್ಟಿಗೆಯಿಂದ ತೆಗೆದು ಕಂಬದ ತುದಿಗೆ ಏರಿಸಿ ಇನ್ನೊಂದು ತುದಿ ಸಮುದ್ರಕ್ಕೆ ಬಿಡಬೇಕು. ಬಿರುಗಾಳಿಯ ಗಡಿಬಿಡಿಯಲ್ಲಿ ಅದು ಎಷ್ಟೋ ಸಲ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ಇಂಗ್ಲೆಂಡಿನ ವಿಲಿಯಂ ಸ್ನೋ ಹ್ಯಾರಿಸ್ ಅನ್ನುವವರು, ಓದಿನಿಂದ ವೈದ್ಯರು, ಕಂಬದೊಳಗೇ ತಾಮ್ರದ ಪಟ್ಟಿ ಕೂರಿಸಿ ಹಡಗಿನ ತಳದ ತನಕ ಒಯ್ದು ಸಮುದ್ರಕ್ಕೆ ಸೇರಿಸುವ ಏರ್ಪಾಟು ಮಾಡಿದರು. ಡಾರ್ವಿನ್ 1831ರಲ್ಲಿ ಹೊರಟ ಬೀಗಲ್ ಹಡಗಿಗೆ ಅದನ್ನು ಹಾಕಿದ್ದರು. ಬ್ರಿಟನ್ನಿನ ನೌಕಾಪಡೆ 1840ರ ದಶಕದಲ್ಲಿ ತನ್ನ ಹಡಗುಗಳಿಗೆ ಅದನ್ನೇ ಒಪ್ಪಿಕೊಂಡಿತು. ಅಲ್ಲಿಂದ ಮುಂದೆ ಬಿರುಗಾಳಿಯಲ್ಲಿ ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ. ರಕ್ಷಣೆ ಮೊದಲೇ ಜಾಗದಲ್ಲಿ ಕೂತಿತ್ತು.

ಎರಡು ವಿಷಯ ನನ್ನನ್ನು ಹಿಡಿದು ನಿಲ್ಲಿಸುತ್ತವೆ. ಒಂದು, ಆ ನಾವಿಕ ಹತ್ತದೆ ವಿಧಿ ಇರಲಿಲ್ಲ, ಹತ್ತದಿದ್ದರೆ ಎಲ್ಲರೂ ಮುಳುಗುತ್ತಿದ್ದರು. ನಮ್ಮ ಹುಡುಗ ಇಳಿದಿದ್ದರೆ ಏನು ಮುಳುಗುತ್ತಿತ್ತು? ಎರಡು ದಿನ ಬಿಟ್ಟು ಕಿತ್ತರೂ ಆ ಕಾಯಿ ಅದೇ ಕಾಯಿ. ಅವನನ್ನು ಮರದ ಮೇಲೆ ಹಿಡಿದಿಟ್ಟದ್ದು ಉಳಿದ 14 ಮರದ ಕೂಲಿ ಮಾತ್ರ. ಇಳಿದರೆ ನಾಲ್ಕು ಜನಕ್ಕೂ ದುಡ್ಡು ಖೋತಾ, ಅದೂ ಇಳಿಯೋಣ ಅಂದವನೊಬ್ಬನ ಮಾತಿನಿಂದ.

ಇನ್ನೊಂದು, ಪೆಟ್ಟಿಗೆಯಲ್ಲಿ ಉಳಿದ ಸರಪಳಿ. ಗುಡುಗಿದಾಗ ನೋಡ್ಕೊಂಡು ಇಳೀರಿ ಅನ್ನುವ ನಮ್ಮ ಬುದ್ಧಿಮಾತು ಅಂಥ ಸರಪಳಿಯೇ. ಆ ಗಳಿಗೆಯಲ್ಲಿ, ಗಾಳಿಯಲ್ಲಿ, ಕೂಲಿಯ ಲೆಕ್ಕದ ನಡುವೆ, ಯಾರೋ ಒಬ್ಬರು ನೆನಪಿಟ್ಟುಕೊಂಡು ತೀರ್ಮಾನ ಮಾಡಬೇಕು. ಈ ಪ್ರಕರಣದಲ್ಲಿ ಗುಡುಗು ಕೇಳಿದ ಹೆಣ್ಣುಮಗಳಿಗೆ ಇಳಿಸುವ ಅಧಿಕಾರ ಇರಲಿಲ್ಲ. ಅಧಿಕಾರ ಇದ್ದ ಮೇಸ್ತ್ರಿ ಯಜಮಾನರನ್ನು ಕೇಳಿದರು. ಯಜಮಾನರ ತಲೆಯ ಮೇಲೆ ಆಕಾಶವೇ ಬೇರೆ, ಅವರಿದ್ದದ್ದು ಪೇಟೆಯಲ್ಲಿ. ಮರದ ಮೇಲಿದ್ದವನಿಗೆ ಏನೂ ಕೇಳಿಸಿರಲಿಲ್ಲ. ತೀರ್ಮಾನ ಮೋಡ ಏಳುವ ಮೊದಲೇ ಆಗಿರಬೇಕಿತ್ತು, ಬೆಳಗ್ಗೆ ಕೂಲಿ ಮಾತಾಡುವಾಗಲೇ.

ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ. ಹೊಲ ತೋಟಗಳಲ್ಲಿ ದುಡಿಯುವವರೇ ಅವರಲ್ಲಿ ಹೆಚ್ಚು. ಎಚ್ಚರಿಕೆ ಕೊಡುವ ಆಪ್‌ಗಳು ಬಂದಿವೆ. ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಇದೆ, ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆಪ್ ಇದೆ. ಹುಡುಗನ ಫೋನಿನಲ್ಲಿ ದಾಮಿನಿ ಇತ್ತು. ಫೋನು ಕೆಳಗೆ ಊಟದ ಚೀಲದಲ್ಲಿತ್ತು.

ಈಗಿನ ಏರ್ಪಾಟು

ನಮ್ಮ ಸಂಘದಲ್ಲಿ ಇದನ್ನು ಮೂರು ಸಭೆಯಲ್ಲಿ ಮಾತಾಡಿದೆವು, ಜಗಳವೂ ಆಯಿತು. ಕೊನೆಗೆ ನಿಂತದ್ದು ಇಷ್ಟು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಆರಕ್ಕೆ ಶುರು, ಮಧ್ಯಾಹ್ನ ಒಂದಕ್ಕೆ ನಿಲುಗಡೆ. ಕಾಯಿ ಆಯುವವರ ಕೊರಳಲ್ಲಿ ಸೀಟಿ. ಮೊದಲ ಗುಡುಗು ಕೇಳಿದವರು ಊದುತ್ತಾರೆ, ಊದಿದ ಮೇಲೆ ಯಾರನ್ನೂ ಕೇಳುವ ಹಾಗಿಲ್ಲ, ಇಳಿಯಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಮತ್ತೆ ಹತ್ತುವ ಹಾಗಿಲ್ಲ. ಗಾಡಿ ಲೋಡಿಗೆ ಹೋದಾಗ ಮರ ಹತ್ತುವ ಕೆಲಸ ನಿಲ್ಲುತ್ತದೆ.

ಕೂಲಿ ವಿಷಯದಲ್ಲಿಯೇ ಜಾಸ್ತಿ ಎಳೆದಾಟ. ಗುಡುಗಿನಿಂದ ನಿಂತುಹೋದ ಮರಗಳಿಗೆ ಅರ್ಧ ಕೂಲಿ ಕೊಡಬೇಕು, ತಂಡ ಮೂರು ದಿನದೊಳಗೆ ವಾಪಸ್ ಬಂದು ಮುಗಿಸಿ ಉಳಿದರ್ಧ ಪಡೆಯಬೇಕು ಅಂತ ಒಪ್ಪಂದವಾಯಿತು. ಅರ್ಧ ಕೂಲಿಯಿಂದ ತಂಡಕ್ಕೆ ಇಳಿಯುವ ಧೈರ್ಯ, ಮೂರು ದಿನದ ಮಾತಿನಿಂದ ಯಜಮಾನರಿಗೆ ಕಾಯುವ ಧೈರ್ಯ. ಸೀಟಿಗಿಂತ ಈ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ ಅಂತ ನನ್ನ ಗಟ್ಟಿ ಅಭಿಪ್ರಾಯ. ಕೂಲಿ ಮರದ ಲೆಕ್ಕದಲ್ಲೇ ಇದ್ದು ಸುರಕ್ಷತೆಯ ಪಾಠ ಮಾತ್ರ ಹೇಳಿದರೆ, ಪಾಠ ಕೇಳಿದವನು ಎರಡು ಗೊನೆ ಕಡಿದೇ ಇಳಿಯುತ್ತಾನೆ.

ಬೇಲಿಯ ತಂತಿಯನ್ನು ಯಜಮಾನರು ಮರಗಳಿಂದ ಬಿಡಿಸಿ ಕಲ್ಲು ಕಂಬಕ್ಕೆ ಕಟ್ಟಿಸಿದ್ದಾರೆ. ಹಾಗಂತ ತಂತಿ ಹಿಡಿಯಬಹುದು ಅಂತಲ್ಲ, ಅಪಾಯ ಕಡಿಮೆಯಾಗಿದೆ ಅಷ್ಟೇ. ದಾಟಲು ಒಂದು ಕಡೆ ಕಲ್ಲಿನ ಕಡವು ಮಾಡಿಸಿದ್ದಾರೆ, ಕೈ ತಾಗಿಸದೆ ಹೋಗಬಹುದು. ಸಿಡಿಲು ಬಿದ್ದ ಮರ ಒಂದೇ ಸಾಯಲಿಲ್ಲ. ಕೆಲವು ವಾರದಲ್ಲಿ ಅಕ್ಕಪಕ್ಕದ ನಾಲ್ಕು ಮರಗಳ ಸುಳಿ ಬಾಡಿತು, ಗರಿ ಜೋತುಬಿತ್ತು, ಕಾಂಡದಿಂದ ಕಂದು ರಸ ಸೋರಿತು. ತೆಂಗಿನಲ್ಲಿ ಹೀಗೆ ಗುಂಪಿಗೆ ಗುಂಪೇ ಹೋಗುವುದುಂಟು. ಒಂದು ಸಲ ಬಿದ್ದ ಕಡೆ ಸಿಡಿಲು ಮತ್ತೆ ಬೀಳಲ್ಲ ಅಂತ ಯಾರೋ ಸಮಾಧಾನ ಹೇಳಿದರಂತೆ. ಬೀಳುತ್ತದೆ. ಎತ್ತರದ ಜಾಗಕ್ಕೆ ಎಷ್ಟು ಸಲ ಬೇಕಾದರೂ ಬೀಳುತ್ತದೆ.

ಗಂಡ ಈಗ ಕಾಯಿ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ, ದಿನ ಪೂರ್ತಿ ಆಗುವುದಿಲ್ಲ. ಸುಟ್ಟ ಕೈಯ ಬೆರಳುಗಳು ಬಿಗಿ, ಒಂದು ಕಿವಿ ಮಂದ, ರಾತ್ರಿ ನಿದ್ದೆ ಸರಿಯಿಲ್ಲ, ಮಾತಿನ ನಡುವೆ ಮರೆವು. ಸಿಡಿಲಿಗೆ ಸಿಕ್ಕಿ ಉಳಿದವರಲ್ಲಿ ಇಂಥ ತೊಂದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇರುತ್ತದೆ. ಹೊರಗಿಂದ ನೋಡಿದರೆ ಚೆನ್ನಾಗಿದ್ದಾರಲ್ಲ ಅನ್ನಿಸುತ್ತದೆ. ಅದಕ್ಕೇ ಸೋಮಾರಿ ಅನ್ನುವ ಮಾತೂ ಬಂದಿದೆ. ನರರೋಗದ ವೈದ್ಯರ ಹತ್ತಿರ ತಪ್ಪದೆ ತೋರಿಸುತ್ತಿರಬೇಕು ಅಂತ ಸಂಘದಿಂದ ಓಡಾಟದ ಖರ್ಚು ಕೊಡುತ್ತಿದ್ದೇವೆ. ಮರ ಹತ್ತುವವರಿಗೆ ಕೇರ ಸುರಕ್ಷಾ ಅನ್ನುವ ವಿಮೆ ಇದೆ, ಹುಡುಗ ಈಗ ಮಾಡಿಸಿದ್ದಾನೆ.

ಸೀಟಿ ಈಗ ಹೆಂಡತಿಯ ಕೊರಳಲ್ಲಿದೆ. ಈ ಬೇಸಿಗೆಯಲ್ಲಿ ಆಕೆ ಊದಿದಾಗೆಲ್ಲ ತಂಡ ಇಳಿದಿದೆ. ಅದರಲ್ಲಿ ಕೆಲವು ಸಲ ಮೋಡ ಬೇರೆ ಕಡೆ ಹೋಯಿತು, ಒಂದು ಹನಿಯೂ ಬೀಳಲಿಲ್ಲ, ಅರ್ಧ ಕೂಲಿ ಕೊಡಬೇಕಾಯಿತು. ಒಬ್ಬ ಯಜಮಾನರು ಇದನ್ನು ಒಪ್ಪಲಿಲ್ಲ, ಸುಮ್ನೆ ಊದ್ತಾರೆ ಅಂದರು. ಆ ತೋಟಕ್ಕೆ ಮೇಸ್ತ್ರಿ ಮೇ ತಿಂಗಳಲ್ಲಿ ಹೋಗಲಿಲ್ಲ. ಜೂನ್ ಕಳೆದ ಮೇಲೆ ಬರುತ್ತೇನೆ ಅಂತ ಹೇಳಿ ಕಳಿಸಿದ್ದಾರೆ.